ಏರಿನಲ್ಲಿ ಬಯಲಾಗುವ ಗುಟ್ಟು

ಯೋಕೋಹಾಮಾ ಎಂದರೆ ಬಂದರು, ಹಡಗು, ಮಟ್ಟಸವಾದ ಕಡಲತೀರ ಎಂದುಕೊಂಡು ಬಂದವರಿಗೆ ಈ ಊರು ಮೊದಲು ಕೊಡುವ ಉಡುಗೊರೆ ಮಂಡಿನೋವು. ಬಂದರಿನ ಬೆನ್ನಿಗೇ ಯಾಮಾತೆ ಗುಡ್ಡ ಎದ್ದು ನಿಂತಿದೆ. ಮಡಿಕೇರಿಯವರು ಕಂಡರೆ "ಇದೇನು ಮಹಾ" ಎಂದಾರು. ಮೈಸೂರಿನವರು ಟ್ಯಾಕ್ಸಿ ಹುಡುಕಿಯಾರು. ಕಾಲಿನ ಬಲದಷ್ಟೇ ಕಾರಿನ ಬಲವನ್ನೂ ಈ ಗುಡ್ಡಗಳು ಪರೀಕ್ಷೆಗೆ ಹಚ್ಚುತ್ತವೆ.

1925ರಲ್ಲಿ ಫೋರ್ಡ್ ಕಂಪನಿ ಇದೇ ಊರಿನಲ್ಲಿ, ಬಿಡಿಭಾಗಗಳನ್ನು ಅಮೆರಿಕದಿಂದ ತರಿಸಿ, ಮಾಡೆಲ್ ಟಿ ಕಾರುಗಳನ್ನು ಜೋಡಿಸತೊಡಗಿತು. ಆ ಕಾರಿಗೆ ಪೆಟ್ರೋಲ್ ಪಂಪೇ ಇರಲಿಲ್ಲ. ಬಹುಕಾಲ ಅದರ ಟ್ಯಾಂಕು ಇದ್ದದ್ದು ಸೀಟಿನ ಕೆಳಗೆ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಕಾರ್ಬೊರೇಟರ್ ಸೇರಬೇಕು. ಟ್ಯಾಂಕು ಅರೆಬರಿದಾಗಿದ್ದು, ಏರಿನಲ್ಲಿ ಮೂತಿ ಮೇಲಾಯಿತೋ, ಎಂಜಿನ್ನಿಗೆ ಉಪವಾಸ. ಅಮೆರಿಕದ ಚಾಲಕರು ಕಂಡುಕೊಂಡ ಉಪಾಯ ಸರಳ: ಕಾರು ತಿರುಗಿಸಿ, ರಿವರ್ಸ್‌ನಲ್ಲಿ ಗುಡ್ಡ ಹತ್ತುವುದು! ಯಾಮಾತೆಯ ದಾರಿಯಲ್ಲಿ ನಡೆಯುವಾಗ, ಟೋಪಿ ಹಾಕಿದ ಯಜಮಾನರೊಬ್ಬರು ನೆರೆಯವರಿಗೆಲ್ಲ ತಲೆಬಾಗಿ ನಮಸ್ಕರಿಸುತ್ತ ಹಿಮ್ಮುಖವಾಗಿ ಮನೆ ಸೇರುವುದನ್ನು ಕಲ್ಪಿಸಿಕೊಂಡು ನಾನು ಒಬ್ಬನೇ ನಕ್ಕಿದ್ದುಂಟು.

ನಮ್ಮ ಅಂಬಾಸಡರಿಗೆ ಪಂಪೇನೋ ಇತ್ತು, ಎಂಜಿನ್ನಿಗೇ ಅಂಟಿಕೊಂಡು. ಬೇಸಿಗೆಯಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಆ ಕಾವಿಗೆ ಒಳಗಿನ ಪೆಟ್ರೋಲು ಆವಿಯಾಗಿಬಿಡುತ್ತಿತ್ತು. ಪಂಪು ಬರೀ ಆವಿಯನ್ನು ಹಿಸುಕುತ್ತ ಕೂರುತ್ತಿತ್ತು. ಡ್ರೈವರು ಬಾನೆಟ್ ಎತ್ತಿ, ಜ್ವರದ ಮಗುವಿನ ಹಣೆಗೆ ಪಟ್ಟಿ ಹಾಕಿದಂತೆ, ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಮಿಕ್ಕವರು ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಚಕ್ಕುಲಿ ಮುಗಿಸುತ್ತಿದ್ದರು. ರೋಗ, ವೈದ್ಯ, ಮದ್ದು ಎಲ್ಲವೂ ಕಣ್ಣೆದುರಿಗೇ ಇದ್ದ ಕಾಲ ಅದು.

ಈಗ ಪಂಪು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿ ತಂಪಾಗಿರುತ್ತದೆ. ಸಾಧಾರಣ ಇಂಜೆಕ್ಷನ್ ಕಾರಿನಲ್ಲಿ ಒತ್ತಡ ಸುಮಾರು 3 ಬಾರ್. ಸಿಲಿಂಡರಿಗೇ ನೇರವಾಗಿ ಚಿಮ್ಮಿಸುವ ಹೊಸ ಎಂಜಿನ್ನುಗಳಲ್ಲಿ ಇನ್ನೊಂದು ಪಂಪು ಸೇರಿ ಅದು 200 ಬಾರ್‌ಗೂ ಏರುತ್ತದೆ. ಸಮುದ್ರದಲ್ಲಿ ಎರಡು ಕಿಲೋಮೀಟರ್ ಆಳಕ್ಕೆ ಇಳಿದರೆ ಸಿಗುವಷ್ಟು ಒತ್ತಡ. ಒದ್ದೆ ಬಟ್ಟೆಗೆ ಇಲ್ಲಿ ಕೆಲಸವಿಲ್ಲ.

ಹಾಸನದ ಕಡೆಯ ಗೆಳೆಯನೊಬ್ಬ ಯೋಕೋಹಾಮಾದಲ್ಲೇ ಇದ್ದಾನೆ. ಅವನ ಹಳೇ ಕಾರು ಕಡಲಂಚಿನಲ್ಲಿ ಸಾಧುವಾಗಿ ಓಡುತ್ತದೆ, ಏರು ಕಂಡರೆ ಮಿಸ್ ಹೊಡೆಯುತ್ತದೆ. "ಪೆಟ್ರೋಲಲ್ಲಿ ಕಸ ಮಾರಾಯ," ಎಂದ. ನಮ್ಮಲ್ಲಿ ಕಾರಿನ ಸಕಲ ಕಾಯಿಲೆಗೂ ಎರಡೇ ಕಾರಣ: ಪೆಟ್ರೋಲಲ್ಲಿ ಕಸ, ಪ್ಲಗ್ಗಲ್ಲಿ ಮಸಿ.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ್ದು, ಯಾವಾಗ ಹೀಗಾಗುತ್ತದೆ ಎಂದು. ಎಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಮಟ್ಟದಲ್ಲೋ, ಏರಿನಲ್ಲೋ? ಆಮೇಲೆ ಕೀ ಅರ್ಧ ತಿರುಗಿಸಿ, ಪಂಪಿನ ಗುಂಯ್ ಸದ್ದಿಗೆ ಕಿವಿಗೊಟ್ಟ. ಪೈಪಿಗೆ ಗೇಜ್ ಜೋಡಿಸಿ ಎಂಜಿನ್ ಶುರುಮಾಡಿದರೆ ಮುಳ್ಳು 3 ಬಾರ್‌ನಲ್ಲಿ ಅಲುಗಾಡದೆ ನಿಂತಿತು. ಎಂಜಿನ್ ಆರಿಸಿದ ಮೇಲೂ ಥಟ್ಟನೆ ಬೀಳಲಿಲ್ಲ. ಬಿದ್ದಿದ್ದರೆ ಪಂಪಿನ ವಾಲ್ವೋ ಇಂಜೆಕ್ಟರೋ ಸೋರುತ್ತಿದೆ ಎಂದರ್ಥ. "ನೋಡು, ಪಂಪು ಚೆನ್ನಾಗಿದೆ!" ಎಂದು ಗೆಳೆಯ ಹಿಗ್ಗಿದ. ಮೆಕ್ಯಾನಿಕ್ ಹಿಗ್ಗಲಿಲ್ಲ. ಗೇಜಿನ ಉದ್ದ ಕೊಳವೆಯನ್ನು ಬಾನೆಟ್ಟಿನಿಂದ ಹೊರಗೆಳೆದು, ಮುಂದಿನ ಗಾಜಿಗೆ ಟೇಪು ಹಚ್ಚಿ, ನಮ್ಮನ್ನೂ ಕೂರಿಸಿಕೊಂಡು ಗುಡ್ಡಕ್ಕೆ ಹೊರಟ. ಅರ್ಧ ಏರು ಹತ್ತುವಷ್ಟರಲ್ಲಿ ಮುಳ್ಳು ಮೆಲ್ಲನೆ ಕೆಳಗಿಳಿಯಿತು. ನಿಂತಲ್ಲಿ ಎಂಜಿನ್ ಗುಟುಕು ಗುಟುಕಾಗಿ ಕುಡಿಯುತ್ತದೆ; ಒತ್ತಡ ತೋರಿಸುವುದು ಯಾರಿಗೂ ಕಷ್ಟವಲ್ಲ. ಭಾರ ಬಿದ್ದು ಗಟಗಟ ಕೇಳಿದಾಗ ಹರಿವು ಸಾಲದು.

ಕಡೆಗೆ ಸಿಕ್ಕಿಬಿದ್ದದ್ದು ಟ್ಯಾಂಕಿನೊಳಗೆ ಕಟ್ಟಿಕೊಂಡಿದ್ದ ಫಿಲ್ಟರು. "ನಾನು ಮೊದಲೇ ಹೇಳಲಿಲ್ವಾ, ಕಸ ಅಂತ?" ಎಂದು ಗೆಳೆಯ ಇಂದಿಗೂ ಬೀಗುತ್ತಾನೆ. ಸುಳ್ಳಲ್ಲ. ಆದರೆ ಕಸ ಇದೆ ಎನ್ನಲು ಬಾಯಿ ಸಾಕು. ಎಲ್ಲಿದೆ ಎನ್ನಲು ಗೇಜು ಬೇಕು, ಜೊತೆಗೊಂದು ಏರೂ ಬೇಕು.