ಬೀಗರು ಎಲ್ಲಿ ಮಲಗತಿದ್ರು?

ಬಸವನ ಬಾಗೇವಾಡಿಯಲ್ಲಿ ಮನೆ ಇದ್ದವರಿಗೆ ಒಂದು ಖಾಯಂ ನೌಕರಿ ಇರುತ್ತದೆ, ಪಗಾರ ಮಾತ್ರ ಇಲ್ಲ. ಬೀಗರು, ಬೀಗರ ಬೀಗರು, ಬೆಂಗಳೂರಿನ ಗೆಳೆಯರು, ಯಾರೇ ಬರಲಿ, ಚಹಾ ಕುಡಿಸಿ, ಬಸವಣ್ಣನ ಗುಡಿ ತೋರಿಸಿ, ಆಮೇಲೆ ಬಸವಣ್ಣನವರ ಜನ್ಮಸ್ಮಾರಕಕ್ಕೆ ಕರೆದೊಯ್ಯಬೇಕು. ಶ್ರಾವಣದಲ್ಲಿ ಮೂಲನಂದೀಶ್ವರ ಜಾತ್ರೆ ಬಂತೆಂದರೆ ಡಬಲ್ ಡ್ಯೂಟಿ. ಬಂದವರು ಕೈಮುಗಿದು, ಫೋಟೊ ಹೊಡೆಸಿಕೊಂಡು, ಹೊರಗೆ ಚಪ್ಪಲಿ ಮೆಟ್ಟುವಾಗ ದನಿ ಇಳಿಸಿ ಕೇಳುತ್ತಾರೆ: “ಅಲ್ರೀ, ಅವರು ವಾಪರಸತಿದ್ದ ಸಾಮಾನು ಏನರೆ ಅದಾವೇನು?”

12ನೇ ಶತಮಾನದ ಮಾತು. ಜನಿವಾರ ಬೇಡವೆಂದು ಹುಡುಗನಿದ್ದಾಗಲೇ ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದವರು. ಅವರ ಚರಿಗೆ, ಹಾಸಿಗೆಗಳನ್ನು ನಾನೆಲ್ಲಿಂದ ತರಲಿ? ಅದರಲ್ಲೂ ಮೈಸೂರು ನೋಡಿ ಬಂದವರ ಕಾಟ ಹೆಚ್ಚು. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ 2016ರಲ್ಲಿ ಮ್ಯೂಸಿಯಂ ಆಯಿತಲ್ಲ, ಅಲ್ಲಿ ಲೇಖಕರ ಕನ್ನಡಕ, ಕೋಟು ನೋಡಿ ಬಂದವರಿಗೆ ಎಲ್ಲ ಊರಲ್ಲೂ ಕನ್ನಡಕ ಕಾಣಬೇಕು.

ಹೀಗಾಗಿ ಲಂಡನ್ನಿನಲ್ಲಿರುವ ಮಗಳು ನಮ್ಮಿಬ್ಬರನ್ನೂ ಕರೆಸಿಕೊಂಡಾಗ ನನಗೆ ಒಳಗೊಳಗೇ ಖುಷಿ. ಈ ಸಲ ಬೀಗರು ನಾವು, ತೋರಿಸುವ ಪಾಳಿ ಅವಳದು. ಮೊದಲು ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಗೆ ಕರೆದೊಯ್ದಳು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ನಮ್ಮಾಕಿ ಸೆರಗು ಹೊದ್ದು ನಮಸ್ಕರಿಸಿ, “ಇಷ್ಟ ದೂರ ಬಂದು ನಮ್ಮೂರವರನ್ನ ನೋಡಿದಂಗಾತು” ಎಂದಳು. ಎರಡನೆಯದಾಗಿ ಹಾಲೆಂಡ್ ಪಾರ್ಕಿನ ಲೇಟನ್ ಹೌಸ್.

ಫ್ರೆಡರಿಕ್ ಲೇಟನ್ ವಿಕ್ಟೋರಿಯಾ ರಾಣಿಯ ಕಾಲದ ದೊಡ್ಡ ಚಿತ್ರಕಾರ. 1855ರಲ್ಲಿ ಅವನ ಚಿತ್ರವೊಂದನ್ನು ಸ್ವತಃ ರಾಣಿಯೇ 600 ಗಿನಿ ಕೊಟ್ಟು ಕೊಂಡಿದ್ದಳು. ಆಮೇಲೆ ಅವನು ರಾಯಲ್ ಅಕಾಡೆಮಿಯ ಅಧ್ಯಕ್ಷನೂ ಆದ. ಜಾರ್ಜ್ ಏಚಿಸನ್ ಎಂಬ ವಾಸ್ತುಶಿಲ್ಪಿಯನ್ನು ಹಿಡಿದು 1860ರ ದಶಕದಲ್ಲಿ ಶುರು ಮಾಡಿದ ಮನೆಯನ್ನು ಸಾಯುವವರೆಗೂ ಕಟ್ಟುತ್ತಲೇ ಇದ್ದ. ಹೊರಗಿನಿಂದ ಕೆಂಪು ಇಟ್ಟಂಗಿಯ ಆ ಕಟ್ಟಡ ನೀರಾವರಿ ಇಲಾಖೆಯ ಹಳೆಯ ಐಬಿಯ ಹಾಗಿದೆ. “ಇದಕ್ಕೂ ಟಿಕೀಟೇನು?” ಎಂದು ನಮ್ಮಾಕಿ ಬಾಗಿಲಲ್ಲೇ ನಿಂತಳು.

ಒಳಗೆ ಹೋದ ಮೇಲೆ ಇಬ್ಬರ ಬಾಯಿಯೂ ಬಂದ್. ಅರಬ್ ಹಾಲ್ ಎಂಬ ಕೋಣೆ: ಮೇಲೆ ಬಂಗಾರದ ಬಣ್ಣದ ಗುಮ್ಮಟ, ಗೋಡೆ ತುಂಬ ಡಮಾಸ್ಕಸ್ ಕಡೆಯ ನೀಲಿ ಹೆಂಚುಗಳು, ನಡುವೆ ನೆಲದಲ್ಲೇ ಕರಿಕಲ್ಲಿನ ಸಣ್ಣ ಕಾರಂಜಿ. 1877ರಲ್ಲಿ ಶುರುವಾದ ಈ ಒಂದು ಕೋಣೆ ಮುಗಿಯಲು ನಾಲ್ಕು ವರ್ಷ ಹಿಡಿಯಿತಂತೆ. ಹೆಂಚುಗಳ ಹೂಬಳ್ಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಒಂದರ ನೀಲಿ ಇನ್ನೊಂದರಂತಿಲ್ಲ. ಕೆಲವೆಡೆ ಬಳ್ಳಿ ಸಂದಿಗೆ ಬಂದು ಮುಂದಿನ ಹೆಂಚಿನಲ್ಲಿ ಕೂದಲೆಳೆಯಷ್ಟು ಸರಿದು ಮುಂದುವರಿಯುತ್ತದೆ. ಕೈಯಲ್ಲಿ ಮಾಡಿದ್ದೆಂಬುದಕ್ಕೆ ಅಷ್ಟು ಸಾಕು. ಆದರೆ ನಾವೂ ವಿಜಾಪುರ ಜಿಲ್ಲೆಯವರು, ಗೋಲಗುಂಬಜದ ಕೆಳಗೆ ಕೂಗಿ ಬೆಳೆದವರು. ಸಣ್ಣ ಗುಮ್ಮಟಕ್ಕೆ ಬಹಳ ಹೊತ್ತು ಬೆರಗಾಗಿ ನಿಲ್ಲುವುದು ನಮ್ಮ ಮರ್ಯಾದೆಗೆ ಒಪ್ಪುವುದಿಲ್ಲ. ಹಿಂದೆ ಊಟಕ್ಕೆ ಬಂದ ಅತಿಥಿಗಳು ಮಬ್ಬು ಬೆಳಕಲ್ಲಿ ಕಾಣದೆ ಆ ಕಾರಂಜಿಯೊಳಗೆ ಕಾಲಿಡುತ್ತಿದ್ದರೆಂದು ಹೇಳುತ್ತಾರೆ. “ಪಡಸಾಲಿ ನಟ್ಟನಡುವ ನೀರು ನಿಂದ್ರಿಸಿದ್ರ ಇನ್ನೇನಾಕ್ಕೈತಿ?” ಎಂದು ನಮ್ಮಾಕಿ ಎಲ್ಲ ತಪ್ಪನ್ನೂ ಏಚಿಸನ್ನನ ಮೇಲೆ ಹಾಕಿದಳು.

ಮೆಟ್ಟಿಲ ಬುಡದಲ್ಲಿ, ಸತ್ತ ಮೇಲೆ ಮೈ ತುಂಬಿಸಿ ನಿಲ್ಲಿಸಿದ ನವಿಲು. ಮೇಲೆ ಚಿತ್ರಶಾಲೆ. ಉತ್ತರ ದಿಕ್ಕಿಗೆ ಗೋಡೆಗೋಡೆಯೇ ಕಿಟಕಿ, ಬೆಳಕು ಸಾಲದೆಂಬ ಮಾತೇ ಬಾರದು. ಇಲ್ಲಿ ನನಗೆ ಮತ್ತೆ ನಾರಾಯಣ್ ನೆನಪಾದರು. ಅವರೂ ಯಾದವಗಿರಿಯಲ್ಲಿ ಬರೆಯುವ ಕೋಣೆಗೆ ಸುತ್ತಲೂ ಕಿಟಕಿ ಇಡಿಸಿ, ಚಾಮುಂಡಿ ಬೆಟ್ಟ ಕಣ್ಣೆಳೆಯುತ್ತದೆಂದು ಕೊನೆಗೆ ದಪ್ಪ ಪರದೆ ಬಿಟ್ಟುಕೊಂಡು ಬರೆದರಂತೆ. ಕಿಟಕಿಯ ಖರ್ಚು ಚಿತ್ರಕಾರನಿಗಾದರೆ ವಸೂಲು, ಲೇಖಕನಿಗೆ ಬರೀ ದಂಡ.

ಚಿತ್ರಶಾಲೆಯ ಒಂದು ತುದಿಯಲ್ಲಿ ಎತ್ತರದ, ಸಪೂರ ಬಾಗಿಲು. ದೊಡ್ಡ ದೊಡ್ಡ ಚಿತ್ರಗಳನ್ನು ಅಡ್ಡ ತಿರುಗಿಸಿ ಹೊರಗೆ ಸಾಗಿಸಲು ಮಾಡಿಸಿದ್ದು. ಚಿತ್ರಕ್ಕೆ ಕೂಡುವ ಹೆಂಗಸರು ಮುಂಬಾಗಿಲಿಗೆ ಬಾರದೆ ಹತ್ತಿ ಇಳಿಯಲು ಬೇರೆ ಮೆಟ್ಟಿಲು. ಚಿತ್ರಕ್ಕೊಂದು ಬಾಗಿಲು, ರೂಪದರ್ಶಿಗೊಂದು ಮೆಟ್ಟಿಲು, ನವಿಲಿಗೊಂದು ಮೂಲೆ. ಇಷ್ಟೆಲ್ಲ ಯೋಚಿಸಿದ ಮನುಷ್ಯ ಮಲಗಲು ಮಾಡಿಕೊಂಡದ್ದು ಒಂದೇ ಕೋಣೆ. ಅದರಲ್ಲಿ ಒಬ್ಬನೇ ಮಲಗಬಹುದಾದ ಸಣ್ಣ ಮಂಚ.

ಅಲ್ಲಿಂದ ನಮ್ಮಾಕಿಯ ವಿಚಾರಣೆ ಶುರುವಾಯಿತು. “ಬಾಕಿ ಖೋಲಿ ತೋರಸವಲ್ಲರಲ್ಲ?” ಇಲ್ಲ ಅವ್ವ, ಇದೊಂದೇ, ಅವನು ಮದುವಿ ಆಗಿರಲಿಲ್ಲ ಎಂದಳು ಮಗಳು. “ಮದುವಿ ಆಗದಿದ್ರ ಆಗವಲ್ಲದಾಕ, ಅಕ್ಕತಂಗ್ಯಾರು ಇರಲಿಲ್ಲೇನು?” ಇದ್ದರು. 1896ರಲ್ಲಿ ಲೇಟನ್ ತೀರಿಕೊಂಡ ಮೇಲೆ ಮನೆಯ ಸಾಮಾನೆಲ್ಲ ಹರಾಜಿಗೆ ಹಾಕಿಸಿದವರು ಅವರೇ. ನಾವು ನೋಡುತ್ತಿರುವುದರಲ್ಲಿ ಎಷ್ಟೋ ಆಮೇಲೆ ಹುಡುಕಿ, ಹೊಂದಿಸಿ ಇಟ್ಟದ್ದು. “ತವರುಮನ್ಯಾಗ ಮಲಗಾಕ ಒಂದು ಖೋಲಿ ಇಲ್ಲಂದ್ರ ಮಾರಲಾರದ ಏನ ಮಾಡ್ಯಾರು?” ಎಂದು ಆ ಅಕ್ಕತಂಗಿಯರ ಪಕ್ಷ ವಹಿಸಿದಳು. ಸಾಯುವ ಹಿಂದಿನ ದಿನ ಅವನಿಗೆ ಲಾರ್ಡ್ ಪದವಿ ಬಂತು, ಒಂದೇ ದಿನದ ಲಾರ್ಡ್ ಅವನು ಎಂದು ನಾನು ಮಾತು ಬದಲಿಸಲು ನೋಡಿದೆ. ನಡೆಯಲಿಲ್ಲ.

ಮಗಳು ಮೊಬೈಲಿನಲ್ಲಿ ‘ಫ್ಲೇಮಿಂಗ್ ಜೂನ್’ ತೋರಿಸಿದಳು. 1895ರ ಆ ಚಿತ್ರ ಈಗಿರುವುದು ದೂರದ ಪೋರ್ಟೊರಿಕೊದಲ್ಲಿ. ಕಿತ್ತಳೆ ಬಣ್ಣದ ತೆಳುವಾದ ಉಡುಪಿನ ಹೆಣ್ಣೊಬ್ಬಳು ಮುದುಡಿಕೊಂಡು ಗಾಢ ನಿದ್ದೆಯಲ್ಲಿದ್ದಾಳೆ. ನಮ್ಮಾಕಿ ಕನ್ನಡಕ ಏರಿಸಿ ನೋಡಿದಳು. “ಪಾಪ, ಕುಂತಲ್ಲೇ ಮಲಗ್ಯಾಳ. ಈಕಿಗೂ ಹಾಸಿಗಿ ಕೊಟ್ಟಿಲ್ಲ ನೋಡ್ರಿ.”

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಬೆಳ್ಳಿಗೂದಲಿನ ಅಜ್ಜಿ ನಮ್ಮ ಗುಸುಗುಸು ಕಂಡು, ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದರು. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮಗಳು ಅವ್ವನ ಪ್ರಶ್ನೆ ದಾಟಿಸಿದಳು. ಅಜ್ಜಿ ಉತ್ಸಾಹದಿಂದ ಎದ್ದೇ ನಿಂತರು. ಲೇಟನ್ ಸಾಹೇಬರು ಬಹಳ ಅತಿಥಿಪ್ರಿಯರು, ಜೋಆಖಿಮ್‌ನಂಥ ಪಿಟೀಲುಗಾರರು ಇದೇ ಚಿತ್ರಶಾಲೆಯಲ್ಲಿ ನುಡಿಸಿದ್ದಾರೆ, ಸಂಗೀತ ಮುಗಿದ ಮೇಲೆ ಎಲ್ಲರೂ ತಂತಮ್ಮ ಸಾರೋಟು ಹತ್ತಿ ಮನೆಗೆ ಹೋಗುತ್ತಿದ್ದರು ಎಂದರು.

ನಮ್ಮಾಕಿ ತಲೆಯಾಡಿಸಿದಳು. ಒಂದು ಗಳಿಗೆ ಬಿಟ್ಟು ಮಗಳ ಕೈ ಹಿಡಿದೆಳೆದು, “ಮತ್ತ ಗಾಡಿ ತಪ್ಪಿದವರು?” ಎಂದಳು.