ಆಡದೆ ಕೆಟ್ಟದ್ದು

ಟ್ರಂಕು ಎಂದರೆ ನಮ್ಮ ಅಜ್ಜಿಗೆ ಮದುವೆಯ ಸೀರೆಗಳನ್ನು ನುಸಿಗುಳಿಗೆಗಳೊಡನೆ ಮಡಿಚಿಟ್ಟ ತಗಡಿನ ಪೆಟ್ಟಿಗೆ. ನಮ್ಮ ತಂದೆಗೆ, ಆರ್ಡಿನರಿಯೋ ಅರ್ಜೆಂಟೋ ಎಂದು ಅರ್ಧ ಗಳಿಗೆ ಜಿಜ್ಞಾಸೆ ನಡೆಸಿ ಬುಕ್ ಮಾಡಿ, ಹಗಲೆಲ್ಲ ಕಾದು, ಕಟ್ಟಕಡೆಗೆ ‘ಹಲೋ, ಕೇಳಿಸ್ತಾ?’ ಎಂಬಷ್ಟರಲ್ಲಿಯೇ ಮುಗಿದುಹೋಗುತ್ತಿದ್ದ ದೂರವಾಣಿಯ ಕರೆ. ನನ್ನ ಪಾಲಿಗಾದರೋ ಅದು, ಶಿಕಾರಿಪುರದ ಸಹಕಾರ ಸಂಘವೊಂದರ ನೆಟ್‌ವರ್ಕ್ ಸ್ವಿಚ್ಚನ್ನು ಸೊರಬದ ಶಾಖೆಯ ಸ್ವಿಚ್ಚಿಗೆ ಬೆಸೆದಿರುವ ತಂತಿ. ಸಂಘದ ಹೆಸರು ಬೇಡ. ಈ ಕಥೆಯಲ್ಲಿ ಮಾನ ಕಳೆದುಕೊಳ್ಳಲು ನಾನೊಬ್ಬನೇ ಸಾಕು.

ಈ ಒಂದೇ ತಂತಿಯೊಳಗೆ ಖಾತೆಗಳ ಲೆಕ್ಕ ವಿಲ್ಯಾನ್ ಎಂಬ ಪಂಗಡಗಳ ಪೈಕಿ 10ನೆಯದರಲ್ಲಿ, ಫೋನು 20ರಲ್ಲಿ, ಸ್ವಿಚ್ಚುಗಳನ್ನು ದೂರದಿಂದಲೇ ಆಳುವ ನನ್ನಂಥವರ ಅಪ್ಪಣೆಗಳು 99ರಲ್ಲಿ ಸಂಚರಿಸುತ್ತವೆ. ಬಸ್ಸಿನ ಟಾಪಿನ ಮೇಲೆ ಹೇರಿದ ಅಡಕೆ ಮೂಟೆಗಳಿಗೆ ಮಂಡಿಯವರ ಗುರುತು ಬರೆದಂತೆ, 1998ರಲ್ಲಿ ಹೊರಬಿದ್ದ 802.1ಕ್ಯೂ ಎಂಬ ಶಾಸ್ತ್ರದ ಪ್ರಕಾರ, ಪ್ರತಿಯೊಂದು ಮೂಟೆಗೂ 4 ಬೈಟುಗಳ ಚೀಟಿ. ಅದರಲ್ಲಿ ಸಂಖ್ಯೆಗೆಂದು 12 ಬಿಟ್ಟುಗಳ ಜಾಗ. ಆದಕಾರಣ 4094 ಪಂಗಡಗಳು ಪರಸ್ಪರ ಮೈತಾಕಿಸಿಕೊಳ್ಳದೆ ಏಕಕಾಲದಲ್ಲಿ ಪ್ರಯಾಣ ಮಾಡಬಹುದು. ಶಿರಾಳಕೊಪ್ಪದ ಮೇಲೆ ಹಾದುಹೋಗುವ ನಮ್ಮ ಬಸ್ಸಿನಲ್ಲಿ ಇದು ಈ ಜನ್ಮಕ್ಕೆ ಸಾಧ್ಯವಿಲ್ಲ.

ಸೊರಬದಲ್ಲಿ ಹೊಸದಾಗಿ ಕ್ಯಾಮೆರಾ ಕೂರಿಸಿದರು. ಅದಕ್ಕೆ 30ನೆಯ ವಿಲ್ಯಾನು. ಶಿಕಾರಿಪುರದಲ್ಲಿಯೇ ಕುಳಿತು, ಕಾಲಮೇಲೆ ಕಾಲು ಹಾಕಿ, ಸೊರಬದ ಸ್ವಿಚ್ಚಿಗೆ ನಾನು ನೀಡಬೇಕಾಗಿದ್ದ ಆಜ್ಞೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 30’. ನೀಡಿದ್ದರಲ್ಲಿ ‘ಆಡ್’ ಇರಲಿಲ್ಲ. ಆಡ್ ಎಂದರೆ ಇರುವವರ ಜೊತೆಗೆ ಇವನನ್ನೂ ಸೇರಿಸು. ಆಡ್ ಇಲ್ಲದಿದ್ದರೆ ಇವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ದಬ್ಬು. ಮಾತು ಆಡಿದರೆ ಹೋಯಿತು ಎಂದು ಗಾದೆ ಕಟ್ಟಿದ ಪುಣ್ಯಾತ್ಮನಿಗೆ, ಆಡದೆಯೂ ಹೋಗುವ ಕಾಲವೊಂದು ಬಂದೀತೆಂದು ತೋಚಿರಲಾರದು.

ಎಂಟರ್ ಒತ್ತಿದೆ. ಸ್ವಿಚ್ಚು ಎರಡು ಮಾತಿಲ್ಲದೆ ವಿಧೇಯವಾಯಿತು. ಪರದೆಯ ಮೇಲೆ ಮಿನುಗಬೇಕಾದ ಗೆರೆ ಮಿನುಗದೆ ನಿಂತಾಗ, ‘ಮಳೆಗಾಲ, ಲೈನು ನಿಧಾನ’ ಎಂದುಕೊಂಡು ಮತ್ತೊಮ್ಮೆ ಒತ್ತಿದೆ, ಆಮೇಲೆ ಕಿವುಡರ ಮನೆಯ ಕದ ತಟ್ಟುವವನಂತೆ ಒಂದೇ ಸಮನೆ ಒತ್ತಿದೆ, ಕೀಲಿಮಣೆಯನ್ನು ಮಗುಚಿ ಕೊಡವಿದೆ, ಅದರಿಂದ ಅವಲಕ್ಕಿಯ ನಾಲ್ಕು ಕಾಳುಗಳೂ ಒಂದು ಒಣಗಿದ ಕರಿಬೇವಿನ ಎಲೆಯೂ ಉದುರಿದವೇ ಹೊರತು ಸೊರಬದಿಂದ ಉತ್ತರ ಬರಲಿಲ್ಲ, ಕನ್ನಡಕ ಒರೆಸಿದೆ, ಯಾರಾದರೂ ನೋಡುತ್ತಿರುವರೋ ಎಂದು ಹಿಂದಿರುಗಿ ನೋಡಿದೆ, ಆಗ ಮೆಲ್ಲಮೆಲ್ಲನೆ, ಚಳಿಜ್ವರ ಏರುವಂತೆ, ಹೊರಗೆ ದಬ್ಬಿಸಿಕೊಂಡವರ ಪಟ್ಟಿಯಲ್ಲಿ 99 ಕೂಡ ಇದೆಯೆಂಬ ಜ್ಞಾನೋದಯವಾಯಿತು. ಕೂತ ಕೊಂಬೆಯನ್ನೇ ಕಡಿದುಕೊಂಡವನು, ಕೊಡಲಿಯ ಹರಿತವನ್ನು ಕಂಡು ತುಸು ಹೆಮ್ಮೆಪಟ್ಟನೆಂಬುದನ್ನೂ ಮುಚ್ಚಿಡಲಾರೆ. ಇಂಥ ಕೆಲಸಕ್ಕೆ ಕೈಹಾಕುವ ಮುನ್ನ, ‘10 ನಿಮಿಷ ಕಳೆದ ಮೇಲೆ ತಾನಾಗಿಯೇ ಮರುಹುಟ್ಟು ಪಡೆ’ ಎಂದು ಸ್ವಿಚ್ಚಿಗೆ ಹೇಳಿಡುವ ವಿವೇಕದ ಪದ್ಧತಿಯೊಂದುಂಟು. ಅದನ್ನು ಕಿರಿಯರಿಗೆ ಬೋಧಿಸುವವನೂ ನಾನೇ.

ಸೊರಬದ ಅಟೆಂಡರ್ ಮೊಬೈಲಿನಿಂದ ಫೋನು ಮಾಡಿದ: “ಸಾರ್, ನೆಟ್ ಹೋಯ್ತು. ಪ್ಲಗ್ ಕಿತ್ತು ಹಾಕ್ಲಾ?”

“ಮುಟ್ಟಬೇಡ ಮಾರಾಯ! ಅದೇನು ಮಿಕ್ಸಿ ಅಂದ್ಕೊಂಡ್ಯಾ? ನಾನೇ ಬರ್ತೀನಿ,” ಎಂದು ಗದರಿ ಬಸ್ಸು ಹತ್ತಿದೆ.

ಶಿರಾಳಕೊಪ್ಪದಲ್ಲಿ ಬಸ್ಸು ಕಾರಣ ಹೇಳದೆ ನಿಂತಿತು. ಸಮೀಪದ ತಾಳಗುಂದದಲ್ಲಿ, ಕದಂಬರ ಕಥೆ ಹೇಳುವ ಕಂಬದ ಬರಹ ಐದನೆಯ ಶತಮಾನದಿಂದ ಮಳೆಗಾಳಿಗೆ ಜಗ್ಗದೆ ನಿಂತಿದೆಯಲ್ಲ ಎಂಬುದು ನೆನಪಾದೊಡನೆ ಇನ್ನೊಂದು ಹೊಳೆಯಿತು: ನಾನು ಬರೆದದ್ದು ಶಿಲಾಶಾಸನವಲ್ಲ, ಅದನ್ನು ಸೇವ್ ಮಾಡಿಯೇ ಇರಲಿಲ್ಲ. ಕರೆಂಟು ಒಮ್ಮೆ ಹೋಗಿ ಬಂದರೆ ಸ್ವಿಚ್ಚು ತನ್ನ ಹಳೆಯ ಬರಹವನ್ನೇ ಓದಿಕೊಂಡು ಎದ್ದು ಕೂರುವುದು. ಅಟೆಂಡರ್ ಹೇಳಿದ ಮದ್ದೇ ಮದ್ದು. ಫೋನು ಮಾಡಿ ಹಾಗೆನ್ನಲು ನಾಲಗೆ ಏಳಲಿಲ್ಲ.

ಸೊರಬಕ್ಕೆ ಮುಟ್ಟುವಷ್ಟರಲ್ಲಿ ಎಲ್ಲವೂ ಸರಿಹೋಗಿತ್ತು. “ಕರೆಂಟ್ ಹೋಗಿ ಬಂತು ಸಾರ್, ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಯ್ತಲ್ಲ,” ಎಂದ ಅಟೆಂಡರ್, ಚಹಾ ತಂದಿಟ್ಟು. ಆ ಬ್ಯಾಟರಿಗಾಗಿ ನಾನು ಮೂರು ಸಲ ಬರೆದಿದ್ದೆ. ಮೂರು ಸಲವೂ ಮೇಲಿನವರು ‘ನೋಡೋಣ’ ಎಂದಿದ್ದರು. ಅವರ ಜಿಪುಣತನಕ್ಕೆ ಅಂದು ಮನಸ್ಸಿನಲ್ಲಿಯೇ ಕೈಮುಗಿದೆ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಮುದುಕಿಯೊಬ್ಬಳು ಕುಳಿತಿದ್ದಳು. ಚಂದ್ರಗುತ್ತಿಯ ಕಡೆಯವಳಂತೆ. ಬೆಳಗ್ಗೆ ಬಂದವಳಿಗೆ ಹಣ ಈಗ ಸಿಕ್ಕಿತ್ತು, ಊರಿನ ಬಸ್ಸು ಹೋಗಿಬಿಟ್ಟಿತ್ತು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗಿಟ್ಟು, ಕೊಟ್ಟೆಯನ್ನು ಎರಡು ಸುತ್ತು ಮಡಚಿ ಸೊಂಟಕ್ಕೆ ಸಿಕ್ಕಿಸುತ್ತ, ನನ್ನ ಕೈಯ ಲ್ಯಾಪ್‌ಟಾಪು ಕಂಡು ಸಮಾಧಾನ ಹೇಳಿದಳು:

“ಮಳಿ ಹಿಡೀತು ಅಂದ್ರೆ ಲೈನು ಹಿಂಗೇ ಕಣಪ್ಪ. ನೀನಾದ್ರೂ ಏನ್ ಮಾಡ್ತೀಯ.”

“ಹೌದಜ್ಜಿ, ಮಳೆ,” ಎಂದೆ.