ಕಾಣೆ ಉಂಟು: ವಿಮಾನಪೂರ್ವ ಮತ್ಸ್ಯಭೋಜನ ಮೀಮಾಂಸೆ

1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರಿದ್ದ ವಿಮಾನ ಮಂಗಳೂರಿನ ಬಜ್ಪೆ ಗುಡ್ಡದ ಮೇಲೆ ಇಳಿಯಿತು. ಅಲ್ಲಿನ ವಿಮಾನ ನಿಲ್ದಾಣಕ್ಕೆ ಅದೇ ನಾಂದಿ. ಇಳಿದವರ ಬಗ್ಗೆ ಬರೆಯುವ ಇತಿಹಾಸಕಾರರು ಹತ್ತುವವರ ಹೊಟ್ಟೆಯಲ್ಲಿ ಏನಿತ್ತೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಶಾಸ್ತ್ರದ ಈ ಲೋಪವನ್ನು ತುಂಬಲು, ಮೇ ಕೊನೆಯ ವಾರದ ಒಂದು ಮಧ್ಯಾಹ್ನ, ಹಂಪನಕಟ್ಟೆ ಬಳಿಯ ಮೀನೂಟದ ಹೋಟೆಲಿನಲ್ಲಿ ನಾಲ್ಕು ಸೂಟ್‌ಕೇಸುಗಳನ್ನು ಮೇಜಿನಡಿ ಒತ್ತಿಕೊಂಡು, ಪ್ರಸ್ತುತ ಸಂಶೋಧನೆಯನ್ನು ಕೈಗೊಳ್ಳಲಾಯಿತು. ಕೈ ಎಂಬುದನ್ನು ಇಲ್ಲಿ ವಾಚ್ಯಾರ್ಥದಲ್ಲೇ ತಿಳಿಯತಕ್ಕದ್ದು.

ಕಾಲನಿರ್ಣಯ ಮೊದಲು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನಿನ ಸಂತಾನ ಬೆಳೆಯಬೇಕಲ್ಲ. ಶಾಲೆಗಳೂ ಆ ಹೊತ್ತಿಗೇ ಬಾಗಿಲು ತೆರೆಯುತ್ತವೆ. ಮಗಳ ರಜೆಯೂ ದೋಣಿಯ ಮೀನೂ ಒಟ್ಟಿಗೆ ಮುಗಿಯುವುದು ಕಾಕತಾಳೀಯವೇ ಎಂಬುದು ಬೇರೆಯವರ ಪಿಎಚ್‌ಡಿಗೆ ಬಿಟ್ಟ ವಿಷಯ.

ಪೂರ್ವಪಕ್ಷವನ್ನು ಮಂಡಿಸಿದವರು ಮಾವನವರು. ವಿಮಾನ ಮೂರಕ್ಕೆ, ಕೌಂಟರ್ ಮುಚ್ಚುವುದು ಅದಕ್ಕೆ ಅರವತ್ತು ನಿಮಿಷ ಮೊದಲು, ನಡುವೆ ಹದಿನೈದು ಕಿಲೋಮೀಟರ್ ಆಸುಪಾಸಿನ ಗುಡ್ಡದ ದಾರಿ. ಆದ್ದರಿಂದ, “ಏರ್‌ಪೋರ್ಟಲ್ಲೇ ಒಂದು ಸ್ಯಾಂಡ್‌ವಿಚ್ ತಿಂದ್ರಾಯ್ತು ಕಣಯ್ಯ.” ಇದನ್ನು ನಮ್ಮಾಕೆ ಒಂದೇ ಉಸಿರಿನಲ್ಲಿ ಖಂಡಿಸಿದಳು: “ಮನೆ ಫ್ರಿಜ್ಜಲ್ಲಿ ಅರ್ಧ ನಿಂಬೆಹಣ್ಣು ಬಿಟ್ರೆ ಏನೂ ಇಲ್ಲ ಅಪ್ಪಾ. ರಾತ್ರಿ ಅನ್ನಕ್ಕಿಡೋಳು ನಾನು ತಾನೆ? ನಾನಿಲ್ಲೇ ಉಣ್ಣೋದು.” ಶ್ರುತಿವಾಕ್ಯಕ್ಕೆ ಎದುರು ಯುಕ್ತಿ ನಿಲ್ಲದು. ನಾವು ಕುಳಿತೆವು.

ಈಗ ಪ್ರಮೇಯದ ತಿರುಳು. ಏನುಂಟೆಂದು ಕೇಳಿದ್ದಕ್ಕೆ ಬಡಿಸುವ ಹುಡುಗ, “ಬಂಗುಡೆ ಉಂಟು, ಅಂಜಲ್ ಉಂಟು. ಕಾಣೆ ಉಂಟು, ಸ್ವಲ್ಪ ಲೇಟ್ ಆಗ್ತದೆ” ಎಂದ. ಘಟ್ಟದ ಮೇಲಿನವರಿಗೆ ಕಾಣೆ ಎಂದರೆ ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಪ್ರಕಟಣೆ. ಕಾಣೆಯಾದದ್ದು ಉಂಟಾಗುವುದು ಹೇಗೆ? ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ್ದಾರೆ. ಮೆನು ಕಾರ್ಡಿನಲ್ಲಿ ಅದಕ್ಕೆ ರೇಟೂ ಇರುತ್ತದೆಂದು ನನಗೆ ತಿಳಿದದ್ದು ಅಂದೇ. ಆ ರೇಟು ಬಂಗುಡೆಗಿಂತ ಬಹಳ ಮೇಲು.

ಅಭಾವ ನಾಲ್ಕು ಬಗೆ. ಬಂಗುಡೆ ಕಾಣೆಯಲ್ಲ, ಕಾಣೆ ಬಂಗುಡೆಯಲ್ಲ ಎಂಬುದು ಅನ್ಯೋನ್ಯಾಭಾವ. ಬಂಗುಡೆಯ ಪುಳಿಮುಂಚಿ ಕೂಡಲೇ ಬಂತು, ಆದರೆ ಮುಳ್ಳು ಬಿಡಿಸಲು ಸಾವಧಾನ ಬೇಕು. ಕಾಣೆ ತಡವಾಗಿ ಬಂದರೂ ನಡುಮುಳ್ಳಿನಿಂದ ಮಾಂಸ ಸಲೀಸಾಗಿ ಜಾರುತ್ತದೆ. ಕಾಯುವ ಹೊತ್ತು, ಮುಳ್ಳಿನ ಹೊತ್ತು, ಎರಡನ್ನೂ ಕೂಡಿಸಿದರೆ ಸಮ ಎಂದು ನಾನು ಕುಚ್ಚಲಕ್ಕಿ ಅನ್ನದ ಮೇಲೆ ಬೆರಳಲ್ಲಿ ಲೆಕ್ಕ ಬರೆದು ತೋರಿಸಿದೆ. ಮಾವ ಲೆಕ್ಕ ನೋಡಲಿಲ್ಲ, ಗಡಿಯಾರ ನೋಡಿದರು. ಇನ್ನು ಪ್ರಾಗಭಾವ, ಅಂದರೆ ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. “ಕಾಣೆ ಎಲ್ಲಪ್ಪಾ?” ಎಂದು ಕೇಳಿದಾಗಲೆಲ್ಲ ಹುಡುಗ “ಈಗ ಬಂತು” ಎನ್ನುತ್ತಿದ್ದ. ಬಾರದ ಮೀನಿಗೆ ಭೂತಕಾಲ! ವೈಯಾಕರಣರು ಕೂಡಲೇ ಗಮನಿಸಬೇಕು.

ಒಂದೂಕಾಲಿಗೆ ಕಾಣೆ ಬಂತು. ರವೆಯ ಹೊದಿಕೆ ಗರಿಗರಿ, ಒಳಗೆ ಬೆಣ್ಣೆಯಂಥ ಬಿಳುಪು, ಅಂಚಿನಲ್ಲಿ ತೆಂಗಿನೆಣ್ಣೆ ಇನ್ನೂ ಚುರುಗುಟ್ಟುತ್ತಿತ್ತು. ಇಲ್ಲಿ ಸಂಶೋಧಕರು ಸುಮಾರು ಏಳು ನಿಮಿಷ ಟಿಪ್ಪಣಿ ಮಾಡಿಕೊಳ್ಳಲಿಲ್ಲ. ಆಮೇಲೆ ತಟ್ಟೆಯಲ್ಲಿ ಉಳಿದದ್ದು ಒಂದು ನಡುಮುಳ್ಳು ಮತ್ತು ಪ್ರಧ್ವಂಸಾಭಾವ.

ಕೌಂಟರಿಗೆ ಒಂದು ಐವತ್ತೈದಕ್ಕೆ ಮುಟ್ಟಿದೆವು. ಆ ದಾರಿಯಲ್ಲಿ ಟ್ಯಾಕ್ಸಿಯೊಳಗೆ ನಡೆದ ಸಂವಾದ ವಿದ್ವತ್ಪತ್ರಿಕೆಗೆ ಯೋಗ್ಯವಲ್ಲ.

ಭೌತಶಾಸ್ತ್ರದ ಒಂದು ಅನುಬಂಧ: ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತಲೂ ಕಡಿಮೆಯಾಗಬಹುದು. ಚಾರ್ಮಾಡಿಯ ಮೇಲೆಲ್ಲೋ ಇರುವಾಗ ಮಾವನವರಿಂದ ಹೊರಟ ದೀರ್ಘ ತೇಗು ಬಾಯ್ಲನ ನಿಯಮವನ್ನೂ ಪುಳಿಮುಂಚಿಯ ಹುಣಿಸೆಯನ್ನೂ ಏಕಕಾಲಕ್ಕೆ ಸಮರ್ಥಿಸಿತು. “ಬಂಗುಡೆ ಚೆನ್ನಾಗಿತ್ತು ಕಣಯ್ಯ” ಎಂದರು. ಪೂರ್ವಪಕ್ಷ ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದಿರುವಿಕೆ. ಅದನ್ನು ನೋಡಲು ಬೆಂಗಳೂರಿನ ಮನೆಯಲ್ಲಿ ರಾತ್ರಿ ಫ್ರಿಜ್ಜಿನ ಬಾಗಿಲು ತೆಗೆದೆ. ಹಾಲಿಲ್ಲ, ಮೊಸರಿಲ್ಲ, ಕೊತ್ತಂಬರಿ ಇಲ್ಲ. ನಮ್ಮಾಕೆ ಬಗ್ಗಿ ಅರ್ಧ ನಿಂಬೆಹಣ್ಣನ್ನು ಎತ್ತಿ ಕೊಟ್ಟು, “ಕೈ ಇನ್ನೂ ಮೀನು ನಾರ್ತಿದೆ, ಉಜ್ಜಿ ತೊಳ್ಕೊಳ್ಳಿ” ಎಂದಳು.

ಅವಳು ಅಕ್ಕಿ ತೊಳೆಯಲು ಆ ಕಡೆ ತಿರುಗಿದ ಮೇಲೆ ನಿಂಬೆಹಣ್ಣನ್ನು ಇದ್ದಲ್ಲೇ ಇಟ್ಟು ಬಾಗಿಲು ಮುಚ್ಚಿದೆ.